ಇಪ್ಪತ್ತೆಂಟು ಗೆಣ್ಣುಗಳ ಅಧ್ಯಾಯ

ನಮ್ಮ ಮನೆಗೆ ಏಕಾದಶಿ ಕೆಲವು ಸಲ ಎರಡು ದಿನ ಬರುತ್ತದೆ. ನಾನು ಮೈಸೂರಿನ ಸ್ಮಾರ್ತರ ಮನೆಯ ಹುಡುಗಿ, ನಮ್ಮವರು ದಿವಾಕರ ಮಾಧ್ವರು. ಅರುಣೋದಯದ ಹೊತ್ತಿಗೆ ದಶಮಿಯ ಸೋಂಕು ಒಂದಿಷ್ಟು ಉಳಿದಿದ್ದರೂ ಆ ದಿನ ಅವರಿಗೆ ಏಕಾದಶಿ ಅಲ್ಲ, ಮರುದಿನವೇ ಉಪವಾಸ. ನಮಗೆ ಅಷ್ಟು ಬಿಗಿ ಇಲ್ಲ. ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆ, ಇನ್ನು ಮೇಲೆ ಈ ಮನೆಯ ಪದ್ಧತಿಯೇ ನಿನ್ನದು ಎಂದರು. ನಾನು ಹೂಂ ಎಂದೆ, ಬಿಡಲಿಲ್ಲ. ಹಾಗಾಗಿ ಇಂಥ ತಿಂಗಳಲ್ಲಿ ನಾನು ಹೊಟ್ಟೆಗೆ ಒದ್ದೆಬಟ್ಟೆ ಹಾಕಿಕೊಂಡು ಕೂತ ದಿನ ಇವರು ಎದುರಿಗೇ ಹುಳಿಯನ್ನ ಕಲಸಿಕೊಂಡು ತಿನ್ನುತ್ತಾರೆ. ಮರುದಿನ ಅವರ ಸರದಿ, ನಾನು ಬೇಕೆಂದೇ ಹೋಳಿಗೆ ಮಾಡುತ್ತೇನೆ. ಮೆಲ್ಬರ್ನ್‌ಗೆ ಬಂದು ಕಾಲು ಶತಮಾನವಾದರೂ ಈ ಜಗಳ ಮಾತ್ರ ವೀಸಾ ಇಲ್ಲದೆ ನಮ್ಮ ಜೊತೆಯಲ್ಲೇ ಬಂದು ಉಳಿದಿದೆ.

ಆದ್ದರಿಂದ, ಸಾವಿರದ ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಉತ್ತರ ಸೀಮೆಯಲ್ಲಿ ಓಸ್ವಿಯು ಎಂಬ ರಾಜ ಈಸ್ಟರ್ ಹಬ್ಬದ ಊಟ ಉಣ್ಣುತ್ತಿದ್ದಾಗ, ಅದೇ ಅರಮನೆಯಲ್ಲಿ ಅವನ ರಾಣಿ ಇನ್ನೂ ಉಪವಾಸ ಕೂತಿರುತ್ತಿದ್ದಳು ಎಂದು ಮೊದಲ ಸಲ ಓದಿದಾಗ ನಾನು ಲೈಬ್ರರಿಯಲ್ಲಿ ಜೋರಾಗಿ ನಕ್ಕುಬಿಟ್ಟೆ. ರಾಜ ಐರಿಷ್ ಸನ್ಯಾಸಿಗಳ ಲೆಕ್ಕ ಹಿಡಿದವನು, ರಾಣಿ ರೋಮಿನ ಲೆಕ್ಕದವಳು. ವಸಂತದ ಹುಣ್ಣಿಮೆ ಆದ ಮೇಲಿನ ಭಾನುವಾರ ಈಸ್ಟರ್. ಹುಣ್ಣಿಮೆಯೇ ಭಾನುವಾರ ಬಿದ್ದರೆ? ಅವತ್ತೇ ಹಬ್ಬ ಎನ್ನುತ್ತಿದ್ದರು ಐರಿಷರು. ಮುಂದಿನ ಭಾನುವಾರ ಎನ್ನುತ್ತಿದ್ದರು ರೋಮಿನವರು. ಕೊನೆಗೆ ರಾಜ 664ರಲ್ಲಿ ಪಂಡಿತರ ಸಭೆ ಕರೆದ, ಅಲ್ಲಿ ರಾಣಿಯ ಕಡೆಯ ಲೆಕ್ಕ ಗೆದ್ದಿತು. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಪೇಪರಿನಿಂದ ಕಣ್ಣೆತ್ತದೆ, ನೋಡಿದೆಯಾ, ಮುಂದಿನ ದಿನಕ್ಕೆ ಹಾಕಿದವರೇ ಗೆದ್ದದ್ದು ಎಂದರು. ಅಂದಿನಿಂದ ನನ್ನ ಓದಿಗೆ ನಮ್ಮ ಮನೆಯಲ್ಲಿ ಕ್ರಿಸ್ತಾನರ ಏಕಾದಶಿ ಎಂದೇ ಹೆಸರು ಬಿತ್ತು.

ಆಗ ನನಗೆ ಐವತ್ತೆಂಟು. ಬಾಕ್ಸ್ ಹಿಲ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರಾಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ರಕ್ತದ ಕಣ ಎಣಿಸಿ ಎಣಿಸಿ ರಿಟೈರ್ ಆಗಿದ್ದೆ. ಮಗಳು ಇಂಚರಾ ಸಿಡ್ನಿಯಲ್ಲಿ ಕೆಲಸ ಹಿಡಿದು ಅಲ್ಲೇ ನೆಲೆಸಿದ್ದಳು, ಮಾರ್ಟ್‌ಗೇಜ್ ತೀರಿತ್ತು. ನಾನು ಮೆಲ್ಬರ್ನ್‌ನ ಒಂದು ಯೂನಿವರ್ಸಿಟಿಯಲ್ಲಿ ಇತಿಹಾಸದ ಎಂ.ಎ.ಗೆ ಸೇರಿದೆ. ರೋಮ್ ಸಾಮ್ರಾಜ್ಯ ಕುಸಿದ ಮೇಲಿನ ನಾಲ್ಕೈದು ಶತಮಾನಗಳ ಯೂರೋಪು ನನ್ನ ವಿಷಯ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಇದು ಗೊತ್ತಾಗಿ ಒಬ್ಬರು, ಈ ವಯಸ್ಸಿಗೆ ಗೀತಾ ಕ್ಲಾಸಿಗೆ ಬರಬಾರದೆ ಆಂಟಿ ಎಂದರು. ಇನ್ನೊಬ್ಬರು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಪಾಯಸ ಸುರಿದುಕೊಂಡರು. ಬಗ್ಗುವುದಕ್ಕೆ ಯಾರು ಹೋಗಿದ್ದರು? ನಾನು ಹೋದದ್ದು ಜಗಳ ಆಡುವುದಕ್ಕೆ.

ಜಗಳಕ್ಕೆ ಒಂದು ಕಾರಣ ಬೇಗನೇ ಸಿಕ್ಕಿತು. ಆ ಸಭೆ ನಡೆದು ಅರವತ್ತು ವರ್ಷದ ಮೇಲೆ ಅದೇ ಸೀಮೆಯ ಮಠದ ಒಬ್ಬ ಸನ್ಯಾಸಿ ಕಾಲದ ಲೆಕ್ಕದ ಬಗ್ಗೆ ಒಂದು ಗ್ರಂಥ ಬರೆದ. ಹುಣ್ಣಿಮೆಗಳು ಹತ್ತೊಂಬತ್ತು ವರ್ಷಕ್ಕೊಮ್ಮೆ ಅದೇ ತಾರೀಖಿಗೆ ಮರಳುತ್ತವೆ, ಆದ್ದರಿಂದ ಎಡಗೈಯ ಗೆಣ್ಣುಗಳನ್ನೂ ಬೆರಳ ತುದಿಗಳನ್ನೂ ಸೇರಿಸಿ ಹತ್ತೊಂಬತ್ತು ಎಣಿಸಿಕೊಳ್ಳಿ ಎನ್ನುತ್ತಾನೆ ಅವನು. ವಾರಗಳು ಮರಳುವುದು ಇಪ್ಪತ್ತೆಂಟು ವರ್ಷಕ್ಕೊಮ್ಮೆ, ಅದಕ್ಕೆ ಎರಡು ಕೈಗಳ ಇಪ್ಪತ್ತೆಂಟು ಗೆಣ್ಣು ಸಾಕಂತೆ. ಕೈ ಇದ್ದವನಿಗೆ ಪಂಚಾಂಗ ಬೇಡ ಎಂದ ಹಾಗಾಯಿತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ರಾಜರ ಬಗ್ಗೆ, ಸಭೆಗಳ ಬಗ್ಗೆ ಬೀರುಗಟ್ಟಲೆ ಬರೆದಿದ್ದಾರೆ. ಎಣಿಸುವ ಕೈಯ ಬಗ್ಗೆ ಯಾರು ಬರೆಯುತ್ತಾರೆ? ಜೀವಮಾನವಿಡೀ ಎಣಿಸಿದವಳೇ ಬರೆಯಬೇಕು. ನನ್ನ ಥೀಸಿಸ್ಸಿನ ಉಳಿದ ಅಧ್ಯಾಯಗಳನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಈ ಕೈಲೆಕ್ಕದ ಅಧ್ಯಾಯ ನನ್ನದು, ನಾನು ಸತ್ತ ಮೇಲೂ ಇದು ನನ್ನದಾಗಿಯೇ ಇರಲಿ ಎಂದು ಆಸೆಪಟ್ಟೆ.

ಆದರೆ ಎಣಿಸಲು ಕೂತರೆ ಲೆಕ್ಕ ಕೂಡಲಿಲ್ಲ. ಬೆರಳಿಗೆ ಮೂರು ಗೆಣ್ಣು, ಕೈಗೆ ಹನ್ನೆರಡು, ಎರಡು ಕೈಗೆ ಇಪ್ಪತ್ತನಾಲ್ಕು. ಎಷ್ಟು ಸಲ ಎಣಿಸಿದರೂ ಅಷ್ಟೇ. ಹತ್ತೊಂಬತ್ತು ಬರಬೇಕಾದಲ್ಲಿ ತುದಿಗಳೂ ಸೇರಿ ಹದಿನಾರು. ವಾರಗಟ್ಟಲೆ ತಲೆ ಕೆಡಿಸಿಕೊಂಡು ಕೊನೆಗೆ ನಾನು ಡಾಕ್ಟರಲ್ಲವೇ, ರೋಗ ಪತ್ತೆ ಮಾಡಿಬಿಟ್ಟೆ. ಸನ್ಯಾಸಿಯ ಗ್ರಂಥವನ್ನು ನಕಲು ಮಾಡಿದ ಯಾರೋ ದಡ್ಡ ಅಂಕಿ ತಪ್ಪು ಬರೆದಿದ್ದಾನೆ, ಉಳಿದವರೆಲ್ಲ ಕಣ್ಣು ಮುಚ್ಚಿ ಅದನ್ನೇ ನಕಲು ಮಾಡಿದ್ದಾರೆ! ಹನ್ನೆರಡು ಶತಮಾನ ಯಾರಿಗೂ ಕಾಣದ ತಪ್ಪು ನನಗೆ ಕಂಡಿತು ಎಂದು ನಾಲ್ಕು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಅದನ್ನು ಡಿಪಾರ್ಟ್‌ಮೆಂಟಿನ ಸೆಮಿನಾರಿನಲ್ಲಿ ಓದಿದೆ. ರೂಮು ತುಂಬಿತ್ತು. ಎರಡೂ ಕೈ ಎತ್ತಿ, ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಓಡಿಸುತ್ತಾ ಇಪ್ಪತ್ತನಾಲ್ಕು ಎಣಿಸಿ ತೋರಿಸಿ, ಇನ್ನು ನಾಲ್ಕು ಎಲ್ಲಿವೆ ಎಂದು ಸವಾಲು ಹಾಕಿದೆ. ಎಲ್ಲರೂ ತಂತಮ್ಮ ಕೈ ನೋಡಿಕೊಂಡರು. ಆಮೇಲೆ ಯಾರೂ ನನ್ನ ಕಡೆ ನೋಡಲಿಲ್ಲ. ನನಗೆ ಗೈಡ್ ಆಗಿದ್ದ ರೋಸ್ಮರಿ ಮುಂದಿನ ಸಾಲಿನಲ್ಲಿ ಕೂತಿದ್ದವರು ಮೆಲ್ಲಗೆ ಹೆಬ್ಬೆರಳು ಎತ್ತಿ ತೋರಿಸಿದರು. ಭೇಷ್ ಎನ್ನುತ್ತಿದ್ದಾರೆ ಎಂದುಕೊಂಡು ನಾನು ಥ್ಯಾಂಕ್ಯೂ ಎಂದೆ. ಅವರು ಪಾಪ, ಮುಖ ಕೆಂಪು ಮಾಡಿಕೊಂಡು ಆ ಹೆಬ್ಬೆರಳನ್ನು ಒಂದು ಸಲ ಮಡಚಿದರು, ಇನ್ನೊಂದು ಸಲ ಮಡಚಿದರು. ಎರಡು ಗೆಣ್ಣು. ಆ ಕೈಯದು ಎರಡು, ಈ ಕೈಯದು ಎರಡು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ, ನನಗೆ ಬೇಕಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು. ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು.

ರೋಸ್ಮರಿ ತಮ್ಮ ರೂಮಿಗೆ ಕರೆದು ಟೀ ಕೊಟ್ಟರು. ಟೀ ಕೊಟ್ಟು ಮಾತಾಡುತ್ತಾರೆಂದರೆ ಸುದ್ದಿ ಒಳ್ಳೆಯದಲ್ಲ ಎಂದು ಈ ದೇಶದಲ್ಲಿ ಇಷ್ಟು ವರ್ಷ ಇದ್ದವಳಿಗೆ ಗೊತ್ತು. ಕೈಲೆಕ್ಕದ ಅಧ್ಯಾಯ ತೆಗೆದುಬಿಡೋಣ, ಉಳಿದದ್ದೇ ಡಿಗ್ರಿಗೆ ಸಾಕು ಎಂದರು. ಈ ವಿಷಯದಲ್ಲಿ ದೇಶಕ್ಕೆಲ್ಲ ದೊಡ್ಡವರು ಸಿಡ್ನಿಯ ಪ್ರೊಫೆಸರ್ ಟ್ರೆಲೋರ್. ಥೀಸಿಸ್ ಪರೀಕ್ಷೆಗೆ ಅವರ ಕೈಗೇ ಹೋಗುವ ಸಂಭವ. ಸನ್ಯಾಸಿಯ ಆ ಪುಟ ಬರೀ ಅಲಂಕಾರ, ನಿಜವಾಗಿ ಕೈಯಲ್ಲಿ ಈಸ್ಟರ್ ಲೆಕ್ಕ ಹಾಕಿದವರು ಯಾರೂ ಇಲ್ಲ, ಹಾಕಲು ಆಗುವುದೂ ಇಲ್ಲ ಎಂದು ಅವರು ಹಿಂದಿನಿಂದಲೂ ಬರೆದುಕೊಂಡು ಬಂದವರು. ಆಗುತ್ತದೆ ಎಂದು ನನ್ನ ಅಧ್ಯಾಯ ಹೇಳುತ್ತದೆ. ಹೇಳುವವಳಿಗೋ ತನ್ನ ಕೈಯ ಗೆಣ್ಣೇ ಎಣಿಸಲು ಬರುವುದಿಲ್ಲ. ಈ ಕೊನೆಯ ಮಾತನ್ನು ರೋಸ್ಮರಿ ಆಡಲಿಲ್ಲ, ಅವರು ಸಭ್ಯರು.

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಕಾನ್ಫರೆನ್ಸ್ ಇದೆಯಲ್ಲ, ಟ್ರೆಲೋರ್ ಅವರ ಎದುರಿಗೇ ಇದನ್ನು ಓದುತ್ತೇನೆ, ಅವರು ಒಪ್ಪಿದರೆ ಅಧ್ಯಾಯ ಉಳಿಯಲಿ, ಒಪ್ಪದಿದ್ದರೆ ನಾನೇ ಹರಿದು ಹಾಕುತ್ತೇನೆ ಎಂದೆ. ರೋಸ್ಮರಿ ಆಗಲಿ ಎಂದರು. ಟ್ರ್ಯಾಮ್ ಹತ್ತಿ ಕೂತ ಮೇಲೆ, ಬಾಯಿ ಬಿಟ್ಟು ಏನು ಮಾಡಿಕೊಂಡೆ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಕಾಫಿ ತೆಗೆದುಕೊಂಡು ದೇವರ ಕೋಣೆಯ ಬಾಗಿಲಿಗೆ ಹೋದೆ. ನಮ್ಮವರು ಜಪಕ್ಕೆ ಕೂತಿದ್ದರು. ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ತನ್ನಷ್ಟಕ್ಕೆ ಹತ್ತಿ ಇಳಿಯುತ್ತಿತ್ತು. ನಾನು ಹುಟ್ಟಿದಂದಿನಿಂದ ನೋಡಿದ ಲೆಕ್ಕ ಅದು. ನಮ್ಮಜ್ಜಿ ರಾಮನಾಮ ಎಣಿಸಿದ್ದು ಹಾಗೆ, ನಮ್ಮಮ್ಮ ಹಾಲಿನ ಲೆಕ್ಕ ಇಟ್ಟದ್ದು ಹಾಗೆ, ನಾನು ಲ್ಯಾಬಿನಲ್ಲಿ ಸ್ಲೈಡ್ ಎಣಿಸಿದ್ದೂ ಹಾಗೆಯೇ. ನಮ್ಮಲ್ಲಿ ಹೆಬ್ಬೆರಳು ಎಣಿಸುವ ಬೆರಳು. ಎಣಿಸುವವನನ್ನು ಯಾರು ಎಣಿಸುತ್ತಾರೆ? ಹೊಳೆ ದಾಟಿ, ಹತ್ತು ಜನರಲ್ಲಿ ಒಬ್ಬ ಕಮ್ಮಿ ಎಂದು ಅತ್ತ ದಡ್ಡರ ಕಥೆಯನ್ನು ಮಗಳಿಗೆ ನಾನೇ ಹೇಳಿ ನಗಿಸಿದ್ದೆ. ಆ ಹತ್ತರಲ್ಲಿ ನಾನೂ ಒಬ್ಬಳಾಗಿದ್ದೆ.

ಕಾಫಿ ಅಲ್ಲೇ ಇಟ್ಟು ಎಡಗೈ ಬಿಡಿಸಿ ನೋಡಿದೆ. ಸನ್ಯಾಸಿ ಹೆಬ್ಬೆರಳನ್ನೂ ಎಣಿಸಿದ್ದಾನೆ ಎಂದರೆ ಅವನ ಹೆಬ್ಬೆರಳು ಎಣಿಸುತ್ತಿರಲಿಲ್ಲ. ಎಡಗೈ ಅಂಗಾತ ಬಿಡಿಸಿಟ್ಟು, ಬಲಗೈ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದ್ದಾನೆ. ಹೆಬ್ಬೆರಳಿನ ಬುಡದಿಂದ ಹೊರಟು ಕಿರುಬೆರಳಿನ ತುದಿಗೆ ಬಂದೆ, ಸರಿಯಾಗಿ ಹತ್ತೊಂಬತ್ತು. ಅಷ್ಟು ವಾರ ಬೀಗ ಹಾಕಿಕೊಂಡಿದ್ದ ಲೆಕ್ಕ ಕೈಯಲ್ಲೇ ತೆರೆದುಕೊಂಡಿತು. ನಾನು ಜಪದ ಮಧ್ಯೆಯೇ ಇವರ ಹೆಬ್ಬೆರಳು ಹಿಡಿದು ಅಲ್ಲಾಡಿಸಿದೆ. ಮಾತಾಡುವ ಹಾಗಿಲ್ಲದ ಮನುಷ್ಯ ಕಣ್ಣಿನಲ್ಲೇ ಬೈದರು.

ಮುಂದಿನ ತಿಂಗಳುಗಳಲ್ಲಿ ನನ್ನ ಕೈ ಬೇರೆ ಕೈಯಾಯಿತು. ಹತ್ತೊಂಬತ್ತು ಗೆಣ್ಣಿಗೆ ಹತ್ತೊಂಬತ್ತು ಹುಣ್ಣಿಮೆಯ ತಾರೀಖು ಬಾಯಿಗೆ ಬರಬೇಕು. ಮಠದ ಹುಡುಗರು ಪದ್ಯ ಕಟ್ಟಿ ಕಲಿಯುತ್ತಿದ್ದರಂತೆ, ನಾನು ಆರತಿ ಹಾಡಿನ ಧಾಟಿಗೆ ಕನ್ನಡದಲ್ಲಿ ಹತ್ತೊಂಬತ್ತು ಸಾಲು ಕಟ್ಟಿಕೊಂಡೆ. ಬಾಕ್ಸ್ ಹಿಲ್‌ನಿಂದ ಸಿಟಿಗೆ ಹೋಗುವ ಟ್ರ್ಯಾಮ್‌ನಲ್ಲಿ ಅಂಗೈ ಬಿಡಿಸಿಕೊಂಡು ಗುನುಗುತ್ತಿದ್ದವಳನ್ನು ನೋಡಿ ಒಬ್ಬ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ನಮ್ಮವರು ಎಂಜಿನಿಯರ್, ಸುಮ್ಮನಿರುತ್ತಾರೆಯೇ? ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಬರೆದಿಟ್ಟುಕೊಂಡು, ನಾನು ಒಗ್ಗರಣೆಗೆ ನಿಂತಾಗ, ಬಟ್ಟೆ ಹರವುವಾಗ ಇದ್ದಕ್ಕಿದ್ದಂತೆ ಒಂದು ಇಸವಿ ಎಸೆಯುತ್ತಿದ್ದರು. ಮೊದಮೊದಲು ನಾನು ತಪ್ಪಿದಾಗಲೆಲ್ಲ ಅವರಿಗೆ ಹಬ್ಬ. ಸಂಕ್ರಾಂತಿಯ ಹೊತ್ತಿಗೆ ಅವರ ಪ್ರೋಗ್ರಾಂ ಉತ್ತರ ಕೊಡುವುದೂ ನಾನು ಕೊಡುವುದೂ ಒಟ್ಟಿಗೇ ಆಯಿತು. ಆಮೇಲೆ ಅವರು ಇಸವಿ ಎಸೆಯುವುದನ್ನು ಬಿಟ್ಟು, ನೆಂಟರು ಬಂದಾಗ ನನ್ನನ್ನು ಕರೆದು ಎಣಿಸಿ ತೋರಿಸು ಎನ್ನತೊಡಗಿದರು.

2007ರ ಫೆಬ್ರವರಿಯಲ್ಲಿ ಇಬ್ಬರೂ ಸಿಡ್ನಿಗೆ ಹೋಗಿ ಪ್ಯಾರಮಟ್ಟದಲ್ಲಿದ್ದ ಇಂಚರಾಳ ಮನೆಯಲ್ಲಿ ಇಳಿದುಕೊಂಡೆವು. ರಾತ್ರಿ ಊಟ ಬಡಿಸುತ್ತಾ ಅವಳು ವಿಷಯ ತೆಗೆದಳು.

“ಅಮ್ಮಾ, ಜಸ್ಟ್ ಕಟ್ ಇಟ್. ಡಿಗ್ರಿ ಬರತ್ತಲ್ಲಾ? ವೈ ರಿಸ್ಕ್ ಇಟ್?”

“ಡಿಗ್ರಿ ನನಗೆ ಮೊದಲೇ ಎರಡಿದೆ ಕಣೇ. ನಾನು ಬರೆದಿದ್ದು ನಿಜ ಅಂತ ಒಬ್ರಾದ್ರೂ ಎದುರಿಗೆ ನಿಂತು ಹೇಳ್ಬೇಕು. ಅದು ನನಗೆ ಇನ್ನೂ ಸಿಕ್ಕಿಲ್ಲ.”

ಅವಳು ಅಪ್ಪನ ಮುಖ ನೋಡಿದಳು. ಇವರು ಚಪಾತಿ ಹರಿಯುತ್ತಾ, ನಿಮ್ಮಮ್ಮ ಮೂವತ್ತು ವರ್ಷದಿಂದ ಏಕಾದಶಿಯನ್ನೇ ಬಿಟ್ಟುಕೊಟ್ಟಿಲ್ಲ, ಇದನ್ನು ಬಿಡುತ್ತಾಳಾ ಎಂದರು. ಅದರಲ್ಲಿ ಹಾಸ್ಯ ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು.

ಕಾನ್ಫರೆನ್ಸ್ 1850ರ ಕಾಲದ ಕಲ್ಲುಕಟ್ಟಡದ ಹಾಲಿನಲ್ಲಿ. ಹೊರಗೆ ಸೆಖೆ, ಒಳಗೆ ಹಳೆ ಮರದ ವಾಸನೆ. ಪ್ರೊಫೆಸರ್ ಟ್ರೆಲೋರ್ ಎತ್ತರದ ಮುದುಕರು, ಬಿಳಿ ಗಡ್ಡ, ಮಾತು ಮೆತ್ತಗೆ. ಕೂಗಾಡುವವರಾಗಿದ್ದರೆ ನನಗೆ ಸಲೀಸಿತ್ತು. ಅವರದೇ ಅಧ್ಯಕ್ಷತೆ. ರೋಸ್ಮರಿ ಮೂರನೇ ಸಾಲಿನಲ್ಲಿದ್ದರು. ನಮ್ಮವರೂ ಇಂಚರಾಳೂ ಎಲ್ಲರಿಗಿಂತ ಹಿಂದೆ, ಮದುವೆಮನೆಯಲ್ಲಿ ಗುರುತಿನವರಿಲ್ಲದ ನೆಂಟರ ಹಾಗೆ ಕೂತಿದ್ದರು. ನಾನು ಪೇಪರ್ ಓದಿದೆ. ಸೆಮಿನಾರಿನ ಅವಮಾನದ ಸುದ್ದಿಯನ್ನು ಅದರಲ್ಲಿ ಬರೆದಿರಲಿಲ್ಲ, ಅದು ಮೆಲ್ಬರ್ನ್‌ನಲ್ಲೇ ಹೂತುಹೋಗಲಿ ಎಂದುಕೊಂಡಿದ್ದೆ.

ಓದಿ ಮುಗಿಸಿದ ಮೇಲೆ ಟ್ರೆಲೋರ್ ಎದ್ದು, ಬಹಳ ಚಂದದ ಕಲ್ಪನೆ ಎಂದರು. ಕಲ್ಪನೆ ಎನ್ನುವಾಗ ಸ್ವಲ್ಪ ನಕ್ಕರು. ಆಮೇಲೆ, ನೀವು ಒಪ್ಪುವುದಾದರೆ ಒಂದು ಇಸವಿ ಕೊಡಲೇ ಎಂದು ಕೇಳಿದರು. ನಾನು ಕೊಡಿ ಎಂದೆ. ಅವರು ಯೋಚಿಸಿದ ಹಾಗೆಯೂ ಕಾಣಲಿಲ್ಲ, 919 ಎಂದರು.

ಎಡಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಬಲಗೈಯ ತೋರುಬೆರಳನ್ನು ಹೆಬ್ಬೆರಳಿನ ಬುಡಕ್ಕಿಟ್ಟೆ. ನೂರು ವರ್ಷವೆಂದರೆ ಐದು ಗೆಣ್ಣು ಮುಂದೆ, ಅದು ನಾನೇ ಕಂಡುಕೊಂಡಿದ್ದ ಹಾದಿ. ಒಂಬೈನೂರಕ್ಕೆ ಒಂಬತ್ತು ನೆಗೆತ. ಕೈಯನ್ನು ಎರಡು ಸುತ್ತು ಸುತ್ತಿ ಬೆರಳು ನಡುಬೆರಳಿನ ಬುಡದ ಗೆಣ್ಣಿನಲ್ಲಿ ನಿಂತಿತು. ಉಳಿದ ಹತ್ತೊಂಬತ್ತು ವರ್ಷ ಪೂರಾ ಒಂದು ಸುತ್ತು, ಮತ್ತೆ ಅಲ್ಲಿಗೇ ಬಂದೆ. ನಮ್ಮವರು ಜಪದಲ್ಲಿ ಎಂದೂ ಮುಟ್ಟದ ಗೆಣ್ಣು ಅದು, ದಾಟಬಾರದ ಮೇರು ಎಂದು ಬಿಟ್ಟುಬಿಡುತ್ತಾರೆ. ಹಿಂದಿನ ಸಾಲಿನಲ್ಲಿ ಅವರು ಕುರ್ಚಿಯ ತುದಿಗೆ ಸರಿದದ್ದು ಕಂಡಿತು. ಮನಸ್ಸಿನಲ್ಲೇ ಆರತಿ ಹಾಡಿನ ಆ ಸಾಲು ಹೇಳಿಕೊಂಡೆ, ಏಪ್ರಿಲ್ ಹದಿನೆಂಟಕ್ಕೆ ಹುಣ್ಣಿಮೆ. ಎರಡೂ ಕೈ ಜೋಡಿಸಿಕೊಂಡು ವಾರ ಎಣಿಸಿದೆ. ಭಾನುವಾರ ಬಂತು.

ಹುಣ್ಣಿಮೆಯೇ ಭಾನುವಾರ. ಎದೆ ಧಸಕ್ಕೆಂದಿತು. ಟ್ರೆಲೋರ್ ಸುಮ್ಮನೆ ಬಾಯಿಗೆ ಬಂದ ಇಸವಿ ಕೊಟ್ಟಿರಲಿಲ್ಲ, ರಾಜನೂ ರಾಣಿಯೂ ಕಚ್ಚಾಡಿದ ಜಾಗಕ್ಕೇ ನನ್ನನ್ನು ತಂದು ನಿಲ್ಲಿಸಿದ್ದರು. ಐರಿಷರ ಲೆಕ್ಕಕ್ಕೆ ಅವತ್ತೇ ಹಬ್ಬ. ಆದರೆ 919ರ ಹೊತ್ತಿಗೆ ಇಂಗ್ಲೆಂಡ್ ಪೂರ್ತಿ ರಾಣಿಯ ಲೆಕ್ಕಕ್ಕೆ ಬಂದಿತ್ತು, ಹಾಗಾಗಿ ಮುಂದಿನ ಭಾನುವಾರ. ಅಷ್ಟು ತಡವಾದ ಈಸ್ಟರ್ ನನ್ನ ಕೈಗೆ ಯಾವತ್ತೂ ಬಂದಿರಲಿಲ್ಲ. ತಪ್ಪಿದೆನೇ? ಇನ್ನೊಂದು ಸಲ ಎಣಿಸಲೇ? ಎಣಿಸಿದ್ದು ಇದೇ ಕೈಯಲ್ಲವೇ, ನಂಬಿದರೆ ಪೂರಾ ನಂಬಬೇಕು ಎಂದುಕೊಂಡು ಬಾಯಿಬಿಟ್ಟೆ.

“ಏಪ್ರಿಲ್ ಇಪ್ಪತ್ತೈದು.”

ಹಾಲಿನಲ್ಲಿ ನಗು ಎದ್ದಿತು. ಏಪ್ರಿಲ್ ಇಪ್ಪತ್ತೈದು ಎಂದರೆ ಆನ್ಜಾಕ್ ಡೇ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ, ಈ ದೇಶದಲ್ಲಿ ಮಕ್ಕಳಿಗೂ ಬಾಯಿಪಾಠ. ಉತ್ತರ ಹೊಳೆಯದೆ ಗೊತ್ತಿದ್ದ ತಾರೀಖು ಒದರಿದಳು ಎಂದೇ ಎಲ್ಲರೂ ತಿಳಿದರು. ಮುಂದಿನ ಸಾಲಿನ ಒಬ್ಬ ಲೆಕ್ಚರರ್ ಲ್ಯಾಪ್‌ಟಾಪ್ ತೆರೆದು ಟಕಟಕ ಒತ್ತಿದ. ಆಮೇಲೆ ಎದ್ದು ನಿಂತು, ಸರಿಯಾಗಿದೆ, ಏಪ್ರಿಲ್ ಇಪ್ಪತ್ತೈದೇ, ಅದಕ್ಕಿಂತ ತಡವಾಗಿ ಈಸ್ಟರ್ ಬರುವುದೇ ಸಾಧ್ಯವಿಲ್ಲ ಎಂದ. ನಗು ನಿಂತು ಚಪ್ಪಾಳೆ ಶುರುವಾಯಿತು. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವರು ಯಾರೆಂದು ಹೇಳಬೇಕಾಗಿಲ್ಲ.

ಟ್ರೆಲೋರ್ ಚಪ್ಪಾಳೆ ಮುಗಿಯುವವರೆಗೂ ಕಾದರು. ಅವರಿಗೆ ಉತ್ತರ ಮೊದಲೇ ಗೊತ್ತಿತ್ತು, ಅಚ್ಚರಿಯೇನೂ ಕಾಣಲಿಲ್ಲ.

“ಅದ್ಭುತ ಡಾಕ್ಟರ್. ಆದ್ರೆ ನೀವು ವಿಜ್ಞಾನ ಓದಿದವರು. ಲೆಕ್ಕ ತಲೇಲಿ ಮಾಡಿ ಕೈ ಸುಮ್ನೆ ಜೊತೆಗೆ ಆಡಿಸಿರಬಹುದು. ಮಾಡಿದ್ದು ಕೈ ಅಂತ ನಾವು ಹೇಗೆ ನಂಬೋದು?”

ಇನ್ನು ಹತ್ತು ಇಸವಿ ಕೊಟ್ಟರೆ ಹತ್ತನ್ನೂ ಹೇಳಬಲ್ಲೆ, ಆದರೆ ಅದರಿಂದ ನನ್ನ ತಲೆ ಚುರುಕು ಎಂದು ತೋರೀತೇ ಹೊರತು ಕೈಗೆ ಬುದ್ಧಿ ಇದೆ ಎಂದು ತೋರುವುದಿಲ್ಲ. ಚಪ್ಪಾಳೆ ತಟ್ಟಿದವರೇ ಈಗ ತಲೆಯಾಡಿಸುತ್ತಿದ್ದರು. ಪ್ರಶ್ನೆ ನ್ಯಾಯವಾಗಿತ್ತು, ಅದೇ ನನ್ನ ಹೊಟ್ಟೆ ಉರಿಸಿದ್ದು. ಅಧ್ಯಾಯ ಹೋಯಿತು ಎಂದುಕೊಂಡೆ. ಅದನ್ನು ಬಿಟ್ಟು ಡಿಗ್ರಿ ತೆಗೆದುಕೊಂಡು ಏನು ಮಾಡಲಿ, ಫ್ರೇಮ್ ಹಾಕಿಸಿ ಗೋಡೆಗೆ ಹೊಡೆಯಲೇ?

ಆಗ ಹೊಳೆಯಿತು. ಉತ್ತರ ನನ್ನ ಹತ್ತಿರ ಇತ್ತು, ಹೇಳಲು ನಾಚಿಕೆಯಾಗಿತ್ತು ಅಷ್ಟೇ. ಮೂರನೇ ಸಾಲಿನಲ್ಲಿದ್ದ ರೋಸ್ಮರಿಗೂ ಅದೇ ಕ್ಷಣ ಹೊಳೆದಿರಬೇಕು. ಬೇಡ ಎನ್ನುವ ಹಾಗೆ ನನ್ನ ಕಡೆ ನೋಡಿದರು, ನನ್ನ ಮಾನ ಕಾಯುವ ಆಸೆ ಅವರಿಗೆ. ನಾನು ಪೇಪರ್ ಮಡಚಿಟ್ಟೆ.

ಆರು ತಿಂಗಳ ಹಿಂದೆ ಮೆಲ್ಬರ್ನ್‌ನಲ್ಲಿ, ಮನುಷ್ಯನ ಎರಡು ಕೈಗೆ ಇಪ್ಪತ್ತನಾಲ್ಕೇ ಗೆಣ್ಣು ಎಂದು ತುಂಬಿದ ರೂಮಿನ ಎದುರು ಸಾಧಿಸಿದವಳು ನಾನು ಎಂದು ಶುರು ಮಾಡಿದೆ. ನಕಲುಗಾರನನ್ನು ಬೈದದ್ದು ಹೇಳಿದೆ. ರೋಸ್ಮರಿ ಎತ್ತಿದ ಹೆಬ್ಬೆರಳಿಗೆ ಥ್ಯಾಂಕ್ಯೂ ಹೇಳಿದ್ದನ್ನೂ ಹೇಳಿದೆ. ಹಾಲಿನಲ್ಲಿ ನಗು, ರೋಸ್ಮರಿಯೂ ನಕ್ಕರು. ನಮ್ಮ ಊರಿನಲ್ಲಿ ಹೇಗೆ ಎಣಿಸುತ್ತಾರೆ ಎಂದು ಬಲಗೈ ಎತ್ತಿ ಹೆಬ್ಬೆರಳು ಓಡಿಸಿ ತೋರಿಸಿದೆ. ಆಮೇಲೆ ಟ್ರೆಲೋರ್ ಅವರ ಕಡೆ ತಿರುಗಿದೆ.

“ನಾನು ಡಾಕ್ಟರ್. ಕೈಯಲ್ಲಿ ಎಷ್ಟು ಮೂಳೆ, ಎಷ್ಟು ಕೀಲು ಅಂತ ಪರೀಕ್ಷೆ ಬರೆದು ಪಾಸಾದವಳು. ನನ್ನ ತಲೆಗೆ ಇಪ್ಪತ್ತೆಂಟು ಅಂತ ಗೊತ್ತಿತ್ತು. ಪುಸ್ತಕದಲ್ಲೂ ಇಪ್ಪತ್ತೆಂಟು ಅಂತಿತ್ತು. ಕೈ ಇಪ್ಪತ್ತನಾಲ್ಕು ಅಂತು, ನಾನು ಕೈಯನ್ನ ನಂಬಿದೆ. ಲೆಕ್ಕ ಇರೋದು ತಲೇಲಿ ಆಗಿದ್ರೆ ಆ ತಪ್ಪು ನಾನು ಮಾಡೋಕೇ ಆಗ್ತಿರಲಿಲ್ಲ ಸರ್. ಆ ಸನ್ಯಾಸಿಯ ಶಿಷ್ಯರಿಗೂ ಅಷ್ಟೇ, ಚಿಕ್ಕಂದಿನಲ್ಲಿ ಕೈಗೆ ಕೂತಿದ್ದು ಕೈಯಲ್ಲೇ ಇರುತ್ತೆ.”

ಟ್ರೆಲೋರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಮ್ಮ ಎಡಗೈಯನ್ನು ಅಂಗಾತ ಬಿಡಿಸಿ, ಬಲಗೈ ಬೆರಳಿನಿಂದ ಒಂದೊಂದೇ ಗೆಣ್ಣು ಮುಟ್ಟುತ್ತಾ ಹೋದರು. ವಯಸ್ಸಾದ ಬೆರಳುಗಳು, ಸಂಧಿವಾತದಿಂದ ಸೊಟ್ಟಗಾಗಿದ್ದವು. ಕಿರುಬೆರಳಿನ ತುದಿಗೆ ಬಂದು ನಿಂತರು. ಅವರ ಹಿಂದೆ ನೋಡಿದರೆ ಹಾಲಿನಲ್ಲಿ ಅಷ್ಟೂ ಜನ ಕೈ ಬಿಡಿಸಿಕೊಂಡು ಎಣಿಸುತ್ತಿದ್ದರು, ಇಂಚರಾ ಕೂಡ. ಆ ನೋಟ ನನಗೆ ಯಾವ ಪದವಿಗಿಂತ ದೊಡ್ಡದಾಗಿ ಕಂಡಿತು.

“ಇಪ್ಪತ್ತು ವರ್ಷದಿಂದ ಆ ಪುಟ ಪಾಠ ಮಾಡ್ತಿದೀನಿ,” ಎಂದರು ಟ್ರೆಲೋರ್. “ಒಂದು ಸಲನಾದ್ರೂ ನನ್ನ ಕೈ ನಾನು ನೋಡ್ಕೊಂಡಿರಲಿಲ್ಲ. ಇದು ಅಲಂಕಾರ ಅಂತ ಬರೆದಿದ್ದು ತಪ್ಪು. ನೀವು ಹೇಳಿದ್ದು ನಿಜ.”

ಎದುರಿಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾನು ಅಳುವುದಿಲ್ಲ ಎಂದು ಎಷ್ಟು ಗಟ್ಟಿ ಮಾಡಿಕೊಂಡರೂ ಕಣ್ಣು ಕೇಳಲಿಲ್ಲ, ಸೆರಗಿನಿಂದ ಒರೆಸಿಕೊಂಡೆ. ಈ ಸಲ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ನಿಂತ ಮೇಲೆ ಟ್ರೆಲೋರ್ ರೋಸ್ಮರಿಯ ಕಡೆ ತಿರುಗಿ, ಈ ಅಧ್ಯಾಯವನ್ನು ತೆಗೆಯುವ ಮಾತಿದೆ ಎಂದು ಕೇಳಿದ್ದೆನಲ್ಲ ಎಂದರು. ರೋಸ್ಮರಿ ಎದ್ದು ನಿಂತು, ಇಲ್ಲ ಇಲ್ಲ, ಅಧ್ಯಾಯ ಇರಲಿ ಎಂದರು.

“ಇರೋದಷ್ಟೇ ಅಲ್ಲ ರೋಸ್ಮರಿ,” ಎಂದೆ ನಾನು. “ಅದೇ ಮೊದಲನೇದು. ನನ್ನ ತಪ್ಪಿನಿಂದಾನೇ ಶುರುವಾಗತ್ತೆ.”